ಸಿ ಭಾಷೆಯಲ್ಲಿ ಪೂರ್ಣಾಂಕ ಪರಿವರ್ತನೆ ಮತ್ತು ಕಂಪೈಲರ್ ಆಪ್ಟಿಮೈಸೇಶನ್ ದೋಷಗಳು

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರಕಾರದ ಪೂರ್ಣಾಂಕವು ಇನ್ನೊಂದು ಪ್ರಕಾರದ ಪೂರ್ಣಾಂಕವಾಗಿ ಬದಲಾಗುವುದನ್ನು ಪೂರ್ಣಾಂಕ ಪರಿವರ್ತನೆ ಎನ್ನುತ್ತಾರೆ. ಇಂತಹ ಪರಿವರ್ತನೆಗಳಲ್ಲಿ ಹೆಚ್ಚಿನವು ಪ್ರೋಗ್ರಾಂನ ಪಠ್ಯದಲ್ಲಿ ಕಾಣಿಸುವುದಿಲ್ಲ. ಭಾಷೆಯ ನಿಯಮಗಳಿಗೆ ಅನುಸಾರವಾಗಿ ಕಂಪೈಲರ್ ತಾನೇ ಅವನ್ನು ಸೇರಿಸುತ್ತದೆ. ಪ್ರೋಗ್ರಾಂ ವೇಗವಾಗಿ ನಡೆಯಲೆಂದು ಕಂಪೈಲರ್ ಕೈಗೊಳ್ಳುವ ಆಪ್ಟಿಮೈಸೇಶನ್ ಹಂತದಲ್ಲಿ ಈ ಪರಿವರ್ತನೆಗಳನ್ನು ತೆಗೆದುಹಾಕುವುದು, ಒಂದುಗೂಡಿಸುವುದು, ಸ್ಥಳಾಂತರಿಸುವುದು ಸಾಮಾನ್ಯ. ಆಗ ಸಂಖ್ಯೆಯ ಚಿಹ್ನೆ ಅಥವಾ ಅಗಲದ ಲೆಕ್ಕ ತಪ್ಪಿದರೆ ಸರಿಯಾಗಿ ಬರೆದ ಪ್ರೋಗ್ರಾಂ ಕೂಡ ತಪ್ಪು ಉತ್ತರ ಕೊಡುತ್ತದೆ. ಇದಕ್ಕೆ ವಿರುದ್ಧವಾದ ಸನ್ನಿವೇಶವೂ ಉಂಟು: ಪ್ರೋಗ್ರಾಮರ್ ಬರೆದದ್ದೇ ಭಾಷೆಯ ನಿಯಮಕ್ಕೆ ಹೊರತಾಗಿದ್ದು, ಆಪ್ಟಿಮೈಸೇಶನ್ ಅದನ್ನು ಬಯಲಿಗೆ ತರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಆಪ್ಟಿಮೈಸೇಶನ್ ಇಲ್ಲದಿದ್ದಾಗ ಉತ್ತರ ಸರಿ, ಇದ್ದಾಗ ತಪ್ಪು. ದೋಷ ಯಾರದೆಂಬುದನ್ನು ಸಿ ಭಾಷೆಯ ಮಾನಕದ ಆಧಾರದಿಂದ ಮಾತ್ರ ನಿರ್ಧರಿಸಲು ಸಾಧ್ಯ.

ಹಿನ್ನೆಲೆ

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದರು. ಆ ಕಾಲದಲ್ಲಿ ಅದು ಬಳಕೆಯಾದ ಪಿಡಿಪಿ-11 ಗಣಕದ ರಿಜಿಸ್ಟರುಗಳ ಅಗಲ 16 ಬಿಟ್. ಒಂದು ಬೈಟನ್ನು ರಿಜಿಸ್ಟರಿಗೆ ತರುವ ಆದೇಶವು ಬೈಟಿನ ಮೇಲ್ತುದಿಯ ಬಿಟ್ಟನ್ನು ರಿಜಿಸ್ಟರಿನ ಉಳಿದ 8 ಬಿಟ್‌ಗಳಿಗೂ ನಕಲು ಮಾಡುತ್ತಿತ್ತು. ಹೀಗಾಗಿ ಚಾರ್ ಪ್ರಕಾರದ ಚರವು ಲೆಕ್ಕಕ್ಕೆ ಬಂದೊಡನೆ ಇಂಟ್ ಗಾತ್ರಕ್ಕೆ ಹಿಗ್ಗುತ್ತಿತ್ತು. ಕಿರಿಯ ಪೂರ್ಣಾಂಕಗಳನ್ನು ಲೆಕ್ಕಕ್ಕೆ ಮೊದಲು ಇಂಟ್‌ಗೆ ಏರಿಸುವ ಸಿ ಭಾಷೆಯ ಪದ್ಧತಿ ಯಂತ್ರದ ಈ ಸ್ವಭಾವಕ್ಕೆ ಒಗ್ಗುವಂಥದ್ದು.

ಮುಂದೆ ಚಿಹ್ನಾಸಹಿತ ಪ್ರಕಾರಗಳ ಜೊತೆಗೆ ಚಿಹ್ನಾರಹಿತ ಪ್ರಕಾರಗಳೂ ಹೆಚ್ಚಾದವು. ಮೊದಲನೆಯವು ಋಣ ಸಂಖ್ಯೆಗಳನ್ನೂ ಹಿಡಿದಿಡುತ್ತವೆ. ಎರಡನೆಯವು ಸೊನ್ನೆ ಮತ್ತು ಧನ ಸಂಖ್ಯೆಗಳನ್ನು ಮಾತ್ರ. ಅನ್‌ಸೈನ್ಡ್ ಚಾರ್ ಅಥವಾ ಅನ್‌ಸೈನ್ಡ್ ಶಾರ್ಟ್ ಲೆಕ್ಕಕ್ಕೆ ಬಂದಾಗ ಏನಾಗಬೇಕು ಎಂಬ ವಿಷಯದಲ್ಲಿ ಕಂಪೈಲರುಗಳು ಒಮ್ಮತಕ್ಕೆ ಬಂದಿರಲಿಲ್ಲ. ಹಳೆಯ ಯೂನಿಕ್ಸ್ ಕಂಪೈಲರುಗಳು ಅವನ್ನು ಅನ್‌ಸೈನ್ಡ್ ಇಂಟ್ ಆಗಿಸಿ ಚಿಹ್ನಾರಹಿತ ಗುಣವನ್ನು ಕಾಪಾಡುತ್ತಿದ್ದವು. 1989ರಲ್ಲಿ ಹೊರಬಂದ ಅಮೆರಿಕದ ಆನ್ಸಿ ಮಾನಕವು ಬೇರೆ ದಾರಿ ಹಿಡಿಯಿತು. ಕಿರಿಯ ಪ್ರಕಾರದ ಎಲ್ಲ ಮೌಲ್ಯಗಳೂ ಇಂಟ್‌ನಲ್ಲಿ ಹಿಡಿಯುವುದಾದರೆ ಅದು ಇಂಟ್ ಆಗಬೇಕು, ಇಲ್ಲವಾದರೆ ಅನ್‌ಸೈನ್ಡ್ ಇಂಟ್ ಆಗಬೇಕು ಎಂಬುದು ಅದರ ನಿಯಮ. ಮೌಲ್ಯವನ್ನು ಕಾಪಾಡುವ ಈ ನಿಯಮ ನಂತರದ ಎಲ್ಲ ಆವೃತ್ತಿಗಳಲ್ಲೂ ಉಳಿದಿದೆ. ಅನೇಕ ತೊಡಕುಗಳ ಬೇರು ಈ ಆಯ್ಕೆಯಲ್ಲೇ ಇದೆ: ಮೌಲ್ಯ ಉಳಿಯುತ್ತದೆ, ಆದರೆ ಪ್ರೋಗ್ರಾಮರ್ ಬರೆದ 'ಅನ್‌ಸೈನ್ಡ್' ಎಂಬ ಗುಣ ಸದ್ದಿಲ್ಲದೆ ಮರೆಯಾಗುತ್ತದೆ.

ಪರಿವರ್ತನೆಯ ನಿಯಮಗಳು

ಸಿ ಭಾಷೆಯ ಲೆಕ್ಕ ಎರಡು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಮೊದಲ ಮೆಟ್ಟಿಲಿನಲ್ಲಿ, ಮೇಲೆ ಹೇಳಿದಂತೆ, ಇಂಟ್‌ಗಿಂತ ಕೆಳದರ್ಜೆಯ ಪ್ರಕಾರಗಳು ಇಂಟ್‌ಗೆ ಏರುತ್ತವೆ. ಎರಡನೆಯದರಲ್ಲಿ, ಕೂಡುವ ಅಥವಾ ಹೋಲಿಸುವ ಎರಡು ಸಂಖ್ಯೆಗಳ ಪ್ರಕಾರ ಬೇರೆಬೇರೆಯಾಗಿದ್ದರೆ ಅವನ್ನು ಒಂದೇ ಪ್ರಕಾರಕ್ಕೆ ತರಲಾಗುತ್ತದೆ. ಒಂದೇ ದರ್ಜೆಯ ಚಿಹ್ನಾಸಹಿತ ಮತ್ತು ಚಿಹ್ನಾರಹಿತ ಸಂಖ್ಯೆಗಳು ಎದುರಾದಾಗ ಚಿಹ್ನಾರಹಿತವೇ ಗೆಲ್ಲುತ್ತದೆ.

ಇದರ ಪ್ರಸಿದ್ಧ ಪರಿಣಾಮವೆಂದರೆ −1 ಎಂಬ ಇಂಟ್ ಅನ್ನು 1 ಎಂಬ ಅನ್‌ಸೈನ್ಡ್ ಇಂಟ್‌ನೊಡನೆ ಹೋಲಿಸುವುದು. 32 ಬಿಟ್ ಇಂಟ್ ಇರುವ ಗಣಕದಲ್ಲಿ −1 ಎಂಬುದು 4294967295 ಆಗಿ ಬದಲಾಗುತ್ತದೆ. ಆದ್ದರಿಂದ −1 < 1 ಎಂಬ ಹೋಲಿಕೆ ಸುಳ್ಳಾಗುತ್ತದೆ. ಅದೇ −1 ಸೈನ್ಡ್ ಚಾರ್ ಆಗಿದ್ದು 1 ಅನ್‌ಸೈನ್ಡ್ ಚಾರ್ ಆಗಿದ್ದರೆ, ಎರಡೂ ಮೊದಲ ಮೆಟ್ಟಿಲಿನಲ್ಲೇ ಇಂಟ್‌ಗೆ ಏರುವುದರಿಂದ ಹೋಲಿಕೆ ನಿಜವಾಗುತ್ತದೆ. ಬರವಣಿಗೆಯಲ್ಲಿ ಒಂದೇ ತೆರನಾದ ಎರಡು ಸಾಲುಗಳು ಪ್ರಕಾರದ ಅಗಲವನ್ನು ಅನುಸರಿಸಿ ವಿರುದ್ಧ ಉತ್ತರ ಕೊಡುತ್ತವೆ.

ಬರಿಯ ಚಾರ್ ಎಂಬುದು ಚಿಹ್ನಾಸಹಿತವೋ ಚಿಹ್ನಾರಹಿತವೋ ಎಂಬುದನ್ನು ಮಾನಕವು ಕಂಪೈಲರಿಗೇ ಬಿಟ್ಟಿದೆ. ಇಂಟೆಲ್ ಮಾದರಿಯ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಚಿಹ್ನಾಸಹಿತ. ಆರ್ಮ್ ಸಂಸ್ಕಾರಕದ ಲಿನಕ್ಸ್ ವ್ಯವಸ್ಥೆಗಳಲ್ಲಿ ಚಿಹ್ನಾರಹಿತ. ಗೆಟ್‌ಚಾರ್ ಫಂಕ್ಷನ್ ಕೊಟ್ಟ ಮೌಲ್ಯವನ್ನು ಚಾರ್ ಚರದಲ್ಲಿಟ್ಟು, ಕಡತದ ಅಂತ್ಯವನ್ನು ಸೂಚಿಸುವ −1ರೊಡನೆ ಹೋಲಿಸುವ ಲೂಪ್ ಮೊದಲ ಬಗೆಯ ಗಣಕದಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಎಂದೂ ಮುಗಿಯದು. ಅಲ್ಲಿ ಹೋಲಿಕೆ ಯಾವಾಗಲೂ ಸುಳ್ಳೆಂದು ಕಂಡುಕೊಂಡ ಕಂಪೈಲರ್ ಆ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ಇದು ಕಂಪೈಲರಿನ ತಪ್ಪಲ್ಲ. ಗೆಟ್‌ಚಾರ್‌ನ ಮೌಲ್ಯ ಇಂಟ್ ಆಗಿರುವುದು ಇದೇ ಕಾರಣಕ್ಕೆ.

ಓವರ್‌ಫ್ಲೋ ಮತ್ತು ಅನಿರೂಪಿತ ವರ್ತನೆ

ಚಿಹ್ನಾರಹಿತ ಸಂಖ್ಯೆ ತನ್ನ ಮಿತಿಯನ್ನು ದಾಟಿದರೆ ಅದು ಗಡಿಯಾರದ ಮುಳ್ಳಿನಂತೆ ಸುತ್ತಿ ಸೊನ್ನೆಯಿಂದ ಮುಂದುವರಿಯಬೇಕೆಂದು ಮಾನಕ ವಿಧಿಸುತ್ತದೆ. ಚಿಹ್ನಾಸಹಿತ ಸಂಖ್ಯೆ ಮಿತಿ ದಾಟಿದರೆ ಏನಾಗಬೇಕೆಂದು ಮಾನಕ ಏನನ್ನೂ ಹೇಳುವುದಿಲ್ಲ. ಇದನ್ನು ಅನಿರೂಪಿತ ವರ್ತನೆ ಎನ್ನುತ್ತಾರೆ. ಇಂತಹ ಓವರ್‌ಫ್ಲೋ ಎಂದೂ ಸಂಭವಿಸದು ಎಂದು ಊಹಿಸಿಕೊಂಡು ಮುಂದುವರಿಯಲು ಕಂಪೈಲರಿಗೆ ಅಧಿಕಾರವಿದೆ. ಇವೆರಡಕ್ಕಿಂತ ಭಿನ್ನವಾದ ಮೂರನೆಯ ಸಂದರ್ಭವೆಂದರೆ ದೊಡ್ಡ ಸಂಖ್ಯೆಯೊಂದನ್ನು ಅದು ಹಿಡಿಸದ ಚಿಹ್ನಾಸಹಿತ ಪ್ರಕಾರಕ್ಕೆ ಪರಿವರ್ತಿಸುವುದು. ಅಲ್ಲಿ ಫಲಿತಾಂಶವನ್ನು ಪ್ರತಿ ಕಂಪೈಲರ್ ತಾನೇ ನಿರ್ಧರಿಸಿ ದಾಖಲಿಸಬೇಕು. ಜಿಸಿಸಿ ಕಂಪೈಲರ್ ಹೆಚ್ಚುವರಿ ಬಿಟ್‌ಗಳನ್ನು ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ. ಲೆಕ್ಕದ ಓವರ್‌ಫ್ಲೋ ಮತ್ತು ಪರಿವರ್ತನೆಯಲ್ಲಾಗುವ ಮೊಟಕು ಬೇರೆಬೇರೆ ಎಂಬ ಈ ಭೇದ ಪಠ್ಯಪುಸ್ತಕಗಳಲ್ಲಿ ಹಲವೊಮ್ಮೆ ಕಳೆದುಹೋಗುತ್ತದೆ.

ಇವುಗಳ ಸಂಧಿಸ್ಥಾನದಲ್ಲಿರುವ ಒಂದು ಉದಾಹರಣೆ ವಿವರವಾಗಿ ನೋಡತಕ್ಕದ್ದು. ಎಕ್ಸ್ ಮತ್ತು ವೈ ಎಂಬ ಎರಡು ಅನ್‌ಸೈನ್ಡ್ ಶಾರ್ಟ್ ಚರಗಳಿವೆ. ಪ್ರತಿಯೊಂದರ ಅಗಲ 16 ಬಿಟ್, ಗರಿಷ್ಠ ಮೌಲ್ಯ 65535. ಅವನ್ನು ಗುಣಿಸಿ ಅನ್‌ಸೈನ್ಡ್ ಇಂಟ್ ಒಂದರಲ್ಲಿ ಇಡಲಾಗುತ್ತದೆ. ಎಲ್ಲೆಡೆ ಚಿಹ್ನಾರಹಿತ ಪ್ರಕಾರಗಳೇ ಇರುವುದರಿಂದ ಇಲ್ಲಿ ಅಪಾಯವೇನೂ ಇಲ್ಲವೆಂದು ತೋರುತ್ತದೆ. ಆದರೆ 32 ಬಿಟ್ ಇಂಟ್ ಇರುವ ಗಣಕದಲ್ಲಿ ಎರಡೂ ಚರಗಳು ಗುಣಾಕಾರಕ್ಕೆ ಮೊದಲು ಚಿಹ್ನಾಸಹಿತ ಇಂಟ್ ಆಗುತ್ತವೆ. 65535ನ್ನು 65535ರಿಂದ ಗುಣಿಸಿದರೆ 4294836225; ಇಂಟ್‌ನ ಮಿತಿಯಾದರೋ 2147483647. ಹೀಗೆ ಅನಿರೂಪಿತ ವರ್ತನೆ ಬಾಗಿಲಿಲ್ಲದ ಕಡೆಯಿಂದ ಒಳಬರುತ್ತದೆ. ವೈ ಮೌಲ್ಯ 65535 ಎಂದು ಕಂಪೈಲರಿಗೆ ತಿಳಿದಿದ್ದರೆ, ಗುಣಲಬ್ಧ ಮಿತಿಯೊಳಗೆ ಇರಲೇಬೇಕೆಂಬ ಊಹೆಯಿಂದ ಎಕ್ಸ್ 32768ನ್ನು ಮೀರದು ಎಂದು ಅದು ತೀರ್ಮಾನಿಸಬಹುದು. ಎಕ್ಸ್ ಅದಕ್ಕಿಂತ ದೊಡ್ಡದೇ ಎಂದು ನಂತರದ ಸಾಲುಗಳಲ್ಲಿ ಬರುವ ಪರೀಕ್ಷೆಯನ್ನು ಅಳಿಸಿಹಾಕಲೂಬಹುದು.

ಭಾರತದ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಕಂಪೈಲರಿನಲ್ಲಿ ಇದೇ ಗುಣಾಕಾರ ನಿರಪಾಯಕಾರಿ. ಅಲ್ಲಿ ಇಂಟ್‌ನ ಅಗಲವೂ 16 ಬಿಟ್ ಆದುದರಿಂದ ಅನ್‌ಸೈನ್ಡ್ ಶಾರ್ಟ್‌ನ ಎಲ್ಲ ಮೌಲ್ಯಗಳು ಇಂಟ್‌ನಲ್ಲಿ ಹಿಡಿಸವು. ಹಾಗಾಗಿ ಅದು ಅನ್‌ಸೈನ್ಡ್ ಇಂಟ್ ಆಗುತ್ತದೆ. 65535ರ ವರ್ಗ ಅಲ್ಲಿ ಸುತ್ತಿಬಂದು 1 ಆಗುತ್ತದೆ. ಗಣಿತದ ದೃಷ್ಟಿಯಿಂದ ಅದು ಬೇಕಾದ ಉತ್ತರವಲ್ಲ, ಆದರೂ ಮಾನಕದ ಪ್ರಕಾರ ನಿಖರವಾದ ಉತ್ತರ. ಅದೇ ಕಡತವನ್ನು ಇಂದಿನ ಜಿಸಿಸಿಗೆ ಕೊಟ್ಟಾಗ ನಿಯಮಬದ್ಧವಾಗಿದ್ದ ಸಾಲು ನಿಯಮಬಾಹಿರವಾಗುತ್ತದೆ. ಗುಣಾಕಾರದ ಮೊದಲಿಗೆ ಚಿಹ್ನಾರಹಿತ 1ನ್ನು ಒಂದು ಗುಣಕವಾಗಿ ಸೇರಿಸುವುದು, ಅಥವಾ ಎಕ್ಸ್ ಅನ್ನು ಅನ್‌ಸೈನ್ಡ್ ಇಂಟ್‌ಗೆ ನೇರವಾಗಿ ಪರಿವರ್ತಿಸುವುದು ಇದಕ್ಕೆ ರೂಢಿಯ ಪರಿಹಾರ.

ಓವರ್‌ಫ್ಲೋವನ್ನು ಅನಿರೂಪಿತವಾಗಿ ಉಳಿಸಿಕೊಂಡಿರುವುದಕ್ಕೆ ಕಾರಣವಿದೆ. 64 ಬಿಟ್ ಗಣಕದಲ್ಲಿ ಇಂಟ್ ಪ್ರಕಾರದ ಸೂಚ್ಯಂಕವನ್ನು ಬಳಸಿ ಅರೇಯೊಂದನ್ನು ಓದುವ ಲೂಪ್ ಇದೆಯೆನ್ನೋಣ. ವಿಳಾಸದ ಅಗಲ 64 ಬಿಟ್, ಸೂಚ್ಯಂಕದ ಅಗಲ 32 ಬಿಟ್. ಸೂಚ್ಯಂಕ ಮಿತಿ ದಾಟಿ ಸುತ್ತಿಬರಬಹುದಾಗಿದ್ದರೆ ಪ್ರತಿ ಸುತ್ತಿನಲ್ಲೂ ಅದನ್ನು 64 ಬಿಟ್‌ಗೆ ಹೊಸದಾಗಿ ಹಿಗ್ಗಿಸಬೇಕಾಗುತ್ತದೆ. ಅದು ಮಿತಿ ದಾಟದೆಂಬ ಭರವಸೆ ಇರುವುದರಿಂದ ಕಂಪೈಲರ್ ಆರಂಭದಲ್ಲೇ ಒಮ್ಮೆ ಹಿಗ್ಗಿಸಿ, ಮುಂದೆ 64 ಬಿಟ್ ರಿಜಿಸ್ಟರಿನಲ್ಲೇ ಎಣಿಕೆ ನಡೆಸುತ್ತದೆ. 2024ರಲ್ಲಿ ಪ್ರಕಟವಾದ ಸಿ23 ಮಾನಕವು ಋಣ ಸಂಖ್ಯೆಗಳಿಗೆ ಎರಡರ ಪೂರಕ ರೂಪವೊಂದನ್ನೇ ಮಾನ್ಯ ಮಾಡಿತಾದರೂ, ಚಿಹ್ನಾಸಹಿತ ಓವರ್‌ಫ್ಲೋವನ್ನು ಅನಿರೂಪಿತವಾಗಿಯೇ ಬಿಟ್ಟಿದೆ.

ಕಂಪೈಲರಿನ ಒಳಗೆ

ಕಂಪೈಲರ್ ಪ್ರೋಗ್ರಾಂನ ಪಠ್ಯವನ್ನು ಓದಿ ಅದನ್ನು ಮಧ್ಯಂತರ ರೂಪವೊಂದಕ್ಕೆ ತರುತ್ತದೆ. ಪಠ್ಯದಲ್ಲಿ ಅಡಗಿದ್ದ ಪರಿವರ್ತನೆಗಳೆಲ್ಲ ಇಲ್ಲಿ ಪ್ರತ್ಯೇಕ ಆದೇಶಗಳಾಗಿ ಕಾಣಿಸಿಕೊಳ್ಳುತ್ತವೆ. ಕ್ರಿಸ್ ಲ್ಯಾಟ್ನರ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ ವ್ಯವಸ್ಥೆಯ ಮಧ್ಯಂತರ ರೂಪದಲ್ಲಿ ಪೂರ್ಣಾಂಕಕ್ಕೆ ಅಗಲವಿದೆ, ಚಿಹ್ನೆಯಿಲ್ಲ. ಚಿಹ್ನೆಯ ವಿಚಾರ ಕ್ರಿಯೆಗಳಿಗೆ ಅಂಟಿಕೊಂಡಿರುತ್ತದೆ: ಚಿಹ್ನಾಸಹಿತ ಭಾಗಾಕಾರ ಬೇರೆ, ಚಿಹ್ನಾರಹಿತ ಭಾಗಾಕಾರ ಬೇರೆ, ಮೇಲ್ತುದಿಯ ಬಿಟ್ಟನ್ನು ನಕಲಿಸುವ ಚಿಹ್ನಾವಿಸ್ತರಣೆ ಬೇರೆ, ಸೊನ್ನೆಗಳನ್ನು ತುಂಬುವ ಶೂನ್ಯವಿಸ್ತರಣೆ ಬೇರೆ. ಜಿಸಿಸಿಯಲ್ಲಿ ಚಿಹ್ನೆ ಪ್ರಕಾರದಲ್ಲೇ ಇರುತ್ತದೆ. ಯಂತ್ರದ ಮಟ್ಟದಲ್ಲಿ ಬದಲಾವಣೆ ತಾರದ ಪರಿವರ್ತನೆಗಳನ್ನು ಸುಲಿದು ತೆಗೆಯಲು ಜಿಸಿಸಿಯ ಮೂಲಸಂಕೇತದಲ್ಲಿ ಸ್ಟ್ರಿಪ್ ನಾಪ್ಸ್ ಎಂಬ ಮ್ಯಾಕ್ರೋ ಉಂಟು. ಚಿಹ್ನೆ ಬದಲಾಗದಂತೆ ಎಚ್ಚರ ವಹಿಸಿ ಸುಲಿಯಲು ಸ್ಟ್ರಿಪ್ ಸೈನ್ ನಾಪ್ಸ್ ಎಂಬ ಇನ್ನೊಂದು. ಎರಡನೆಯದು ಬೇಕಾದ ಕಡೆ ಮೊದಲನೆಯದನ್ನು ಬಳಸಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಪರಿವರ್ತನೆಗಳನ್ನು ಕಡಿಮೆ ಮಾಡಲು ಕಂಪೈಲರುಗಳು ಬಳಸುವ ಮುಖ್ಯ ಉಪಾಯ ಲೆಕ್ಕವನ್ನೇ ಕಿರಿದು ಮಾಡುವುದು. ಎರಡು ಅನ್‌ಸೈನ್ಡ್ ಚಾರ್‌ಗಳನ್ನು ಕೂಡಿ ಮೊತ್ತವನ್ನು ಮತ್ತೆ ಅನ್‌ಸೈನ್ಡ್ ಚಾರ್‌ನಲ್ಲಿ ಇಡುವುದಾದರೆ, ಇಂಟ್‌ಗೆ ಏರಿಸಿ ಇಳಿಸುವ ಬದಲು 8 ಬಿಟ್‌ಗಳಲ್ಲೇ ಕೂಡಬಹುದು; ಕೆಳಗಿನ 8 ಬಿಟ್‌ಗಳು ಹೇಗೂ ಒಂದೇ. ಆದರೆ ಮೊತ್ತವನ್ನು 2ರಿಂದ ಭಾಗಿಸಿ ಇಡುವುದಾದರೆ ಈ ಉಪಾಯ ಸಲ್ಲದು. 200 ಮತ್ತು 100 ಕೂಡಿದರೆ 300, ಅದರ ಅರ್ಧ 150. 8 ಬಿಟ್‌ಗಳಲ್ಲಿ ಕೂಡಿದರೆ 300 ಎಂಬುದು 44 ಆಗಿ, ಅರ್ಧ 22 ಆಗುತ್ತದೆ. ಕೂಡುವಿಕೆ, ಕಳೆಯುವಿಕೆ, ಗುಣಾಕಾರಗಳನ್ನು ಕಿರಿದು ಮಾಡಬಹುದು. ಭಾಗಾಕಾರ, ಬಲಪಲ್ಲಟ, ಹೋಲಿಕೆಗಳನ್ನು ವಿಶೇಷ ಪರೀಕ್ಷೆಯಿಲ್ಲದೆ ಕಿರಿದು ಮಾಡಲಾಗದು.

ಇನ್ನೂ ಸೂಕ್ಷ್ಮವಾದ ತೊಡಕು ಚಿಹ್ನಾಸಹಿತ ಸಂಖ್ಯೆಗಳಲ್ಲಿದೆ. 100 ಎಂಬ ಎರಡು ಸೈನ್ಡ್ ಚಾರ್‌ಗಳ ಮೊತ್ತ ಇಂಟ್‌ನಲ್ಲಿ 200. ಅದು ಓವರ್‌ಫ್ಲೋ ಅಲ್ಲ. ಅದನ್ನು ಸೈನ್ಡ್ ಚಾರ್‌ಗೆ ಇಳಿಸಿದಾಗ ಜಿಸಿಸಿಯ ದಾಖಲಿತ ನಿಯಮದಂತೆ −56 ಸಿಗುತ್ತದೆ. ಇಲ್ಲಿ ಪ್ರೋಗ್ರಾಮರ್ ಯಾವ ನಿಯಮವನ್ನೂ ಮುರಿದಿಲ್ಲ. ಕಂಪೈಲರ್ ಈ ಲೆಕ್ಕವನ್ನು ಚಿಹ್ನಾಸಹಿತ 8 ಬಿಟ್ ಲೆಕ್ಕವಾಗಿ ಕಿರಿದುಗೊಳಿಸಿ, ಓವರ್‌ಫ್ಲೋ ಆಗದು ಎಂಬ ಗುರುತನ್ನೂ ಅದಕ್ಕೆ ಹಚ್ಚಿದರೆ, ಮೂಲದಲ್ಲಿ ಇರದಿದ್ದ ಅನಿರೂಪಿತ ವರ್ತನೆಯನ್ನು ತಾನೇ ಹುಟ್ಟುಹಾಕಿದಂತಾಗುತ್ತದೆ. ಮುಂದಿನ ಹಂತ ಆ ಗುರುತನ್ನು ನಂಬಿ ತಪ್ಪು ತೀರ್ಮಾನಕ್ಕೆ ಬರುತ್ತದೆ. ಆದ್ದರಿಂದಲೇ ಇಂತಹ ಲೆಕ್ಕವನ್ನು ಕಿರಿದು ಮಾಡುವಾಗ ಚಿಹ್ನಾರಹಿತ ಪ್ರಕಾರಕ್ಕೆ ಬದಲಿಸಿಕೊಂಡು ಮಾಡುವುದು ವಾಡಿಕೆ. ದೋಷ ಹುಟ್ಟಿದ ಹಂತ ಒಂದು, ಅದು ಕಾಣಿಸಿಕೊಳ್ಳುವ ಹಂತ ಇನ್ನೊಂದು. ಪತ್ತೆ ಕಷ್ಟವಾಗುವುದು ಹೀಗೆ.

ಕಂಪೈಲರುಗಳದೇ ದೋಷಗಳು

ಈ ವರ್ಗದ ಅತ್ಯಂತ ಸರಳವಾದ ನಿದರ್ಶನವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಒಂದು ಫಂಕ್ಷನ್ನಿನಲ್ಲಿ ಸೈನ್ಡ್ ಚಾರ್ ಎಕ್ಸ್‌ನ ಮೌಲ್ಯ 1, ಅನ್‌ಸೈನ್ಡ್ ಚಾರ್ ವೈನ ಮೌಲ್ಯ 255. ಎಕ್ಸ್ ವೈಗಿಂತ ದೊಡ್ಡದೇ ಎಂಬುದರ ಉತ್ತರವನ್ನು ಫಂಕ್ಷನ್ ಹಿಂದಿರುಗಿಸುತ್ತದೆ. ಎರಡೂ ಇಂಟ್‌ಗೆ ಏರುತ್ತವೆ, 1 ಎಂಬುದು 255ಕ್ಕಿಂತ ದೊಡ್ಡದಲ್ಲ, ಉತ್ತರ 0. ಉಬುಂಟು ಲಿನಕ್ಸ್ 8.04.1ರ ಜೊತೆ ಬಂದಿದ್ದ ಜಿಸಿಸಿ ಎಲ್ಲ ಆಪ್ಟಿಮೈಸೇಶನ್ ಮಟ್ಟಗಳಲ್ಲೂ 1 ಎಂದು ಉತ್ತರಿಸುತ್ತಿತ್ತು. 255ನ್ನು ಚಿಹ್ನಾಸಹಿತ ಬೈಟ್ ಆಗಿ ಓದಿದರೆ ಅದು −1. 1 ಎಂಬುದು −1ಕ್ಕಿಂತ ದೊಡ್ಡದು. ಬಂದ ತಪ್ಪು ಉತ್ತರ ಇದಕ್ಕೆ ತಾಳೆಯಾಗುತ್ತದೆ. ಜಿಸಿಸಿಯ ಮೂಲ ಆವೃತ್ತಿಯಲ್ಲಿ ಈ ದೋಷ ಇರಲಿಲ್ಲ. ಉಬುಂಟು ವಿತರಣೆಗಾಗಿ ಮಾಡಿದ ತಿದ್ದುಪಡಿಗಳ ನಡುವೆ ಅದು ನುಸುಳಿತ್ತು. ಸಿ ಕಲಿಯುವವರು ಮೊದಲ ತಿಂಗಳಲ್ಲೇ ಬರೆಯಬಹುದಾದಷ್ಟು ಚಿಕ್ಕ ಫಂಕ್ಷನ್ ಇದು ಎಂಬುದು ಗಮನಾರ್ಹ.

ಅದೇ ಲೇಖನದಲ್ಲಿ ಎಲ್‌ಎಲ್‌ವಿಎಂನ ಒಂದು ದೋಷವೂ ದಾಖಲಾಗಿದೆ. 'ಎಕ್ಸ್ ಒಂದನೆಯ ಸ್ಥಿರಾಂಕಕ್ಕೆ ಸಮ, ಅಥವಾ ಎಕ್ಸ್ ಎರಡನೆಯ ಸ್ಥಿರಾಂಕಕ್ಕಿಂತ ಕಡಿಮೆ' ಎಂಬ ಉಕ್ತಿಯಲ್ಲಿ ಒಂದನೆಯ ಸ್ಥಿರಾಂಕ ಎರಡನೆಯದಕ್ಕಿಂತ ಚಿಕ್ಕದಾಗಿದ್ದರೆ ಮೊದಲ ಭಾಗ ಅನಗತ್ಯ; ಎರಡನೆಯ ಭಾಗವೇ ಸಾಕು. ಎಲ್‌ಎಲ್‌ವಿಎಂನ ಒಂದು ಆವೃತ್ತಿ 'ಎಕ್ಸ್ 0ಗೆ ಸಮ, ಅಥವಾ −3ಕ್ಕಿಂತ ಕಡಿಮೆ' ಎಂಬುದನ್ನು 'ಎಕ್ಸ್ −3ಕ್ಕಿಂತ ಕಡಿಮೆ' ಎಂದು ಮೊಟಕುಗೊಳಿಸಿತು. ಎಕ್ಸ್ 0 ಆಗಿದ್ದಾಗ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಈ ಮೊಟಕು ಸುರಕ್ಷಿತವೇ ಎಂದು ತಿಳಿಯಲು ಕಂಪೈಲರ್ 0 ಮತ್ತು −3ನ್ನು ಹೋಲಿಸಿತ್ತು, ಆದರೆ ಚಿಹ್ನಾರಹಿತವಾಗಿ. ಹಾಗೆ ಓದಿದಾಗ −3 ಬಹುದೊಡ್ಡ ಸಂಖ್ಯೆ, 0 ಅದಕ್ಕಿಂತ ಚಿಕ್ಕದು. ಸಾಮಾನ್ಯ ಪ್ರೋಗ್ರಾಮರುಗಳು ಮಾಡುವ ಚಿಹ್ನೆಯ ತಪ್ಪನ್ನೇ ಕಂಪೈಲರ್ ಬರೆದ ಪರಿಣತರೂ ಮಾಡಿದ್ದರು.

ಅಳಿಸಿಹೋದ ಪರೀಕ್ಷೆಗಳು

ದೋಷವು ಪ್ರೋಗ್ರಾಂನದೇ ಎಂದು ಮಾನಕ ಹೇಳುವ, ಆದರೂ ವಿವಾದ ತಣಿಯದ ಪ್ರಕರಣಗಳಲ್ಲಿ ಜಿಸಿಸಿಯ 30475ನೆಯ ದೋಷವರದಿ ಹೆಸರಾದದ್ದು. 2007ರ ಜನವರಿಯಲ್ಲಿ ಸಲ್ಲಿಕೆಯಾದ ಈ ವರದಿ, ಒಂದು ಇಂಟ್‌ಗೆ 100 ಕೂಡಿದಾಗ ಮೊತ್ತ ಮೂಲಕ್ಕಿಂತ ದೊಡ್ಡದಾಗಿದೆಯೇ ಎಂದು ನೋಡುವ ಪರೀಕ್ಷೆಯನ್ನು ಜಿಸಿಸಿ ಕಿತ್ತುಹಾಕುತ್ತದೆ ಎಂದು ದೂರಿತು. ಓವರ್‌ಫ್ಲೋ ಆಗಿದ್ದರೆ ಮೊತ್ತ ಋಣವಾಗಿ ಸುತ್ತಿಬಂದು ಸಿಕ್ಕಿಬೀಳುತ್ತದೆ ಎಂಬುದು ಪರೀಕ್ಷೆ ಬರೆದವರ ಎಣಿಕೆ. ಚಿಹ್ನಾಸಹಿತ ಓವರ್‌ಫ್ಲೋ ಎಂದೂ ಆಗದು, ಆದ್ದರಿಂದ ಮೊತ್ತ ಯಾವಾಗಲೂ ದೊಡ್ಡದೇ ಎಂಬುದು ಕಂಪೈಲರಿನ ತರ್ಕ. ಅಭಿವೃದ್ಧಿಗಾರರು ವರದಿಯನ್ನು ಅಮಾನ್ಯವೆಂದು ಮುಚ್ಚಿದರು. ಮಾನಕದ ಪ್ರಕಾರ ಅವರು ಸರಿ. ಆದರೆ ಹಾಗೆ ಅಳಿಸಿಹೋದದ್ದು ಹಲವು ಪ್ರೋಗ್ರಾಂಗಳ ಭದ್ರತೆಗೆ ಇದ್ದ ಏಕೈಕ ಕಾವಲು ಎಂಬುದೂ ಅಷ್ಟೇ ನಿಜ.

2008ರ ಏಪ್ರಿಲ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಸಂಸ್ಥೆ ಇದೇ ಬಗೆಯ ಅಪಾಯದ ಕುರಿತು ಎಚ್ಚರಿಕೆಯೊಂದನ್ನು ಹೊರಡಿಸಿತು. ಅದು ಮೊದಲು ಜಿಸಿಸಿಯ ಹೆಸರನ್ನಷ್ಟೇ ಎತ್ತಿಕೊಂಡಿತ್ತು. ಬೇರೆ ಕಂಪೈಲರುಗಳೂ ಹಾಗೆಯೇ ಮಾಡುತ್ತವೆಂಬ ಆಕ್ಷೇಪದ ಬಳಿಕ ಶೀರ್ಷಿಕೆಯನ್ನು ಎಲ್ಲ ಸಿ ಕಂಪೈಲರುಗಳಿಗೆ ಅನ್ವಯಿಸುವಂತೆ ತಿದ್ದಲಾಯಿತು. ಪರೀಕ್ಷೆಯನ್ನು ಸರಿಯಾಗಿ ಬರೆಯುವ ಕ್ರಮ ಕಷ್ಟದ್ದೇನಲ್ಲ. ಕೂಡಿದ ಮೇಲೆ ನೋಡುವ ಬದಲು, ಕೂಡುವ ಮೊದಲೇ ಸಂಖ್ಯೆಯು ಗರಿಷ್ಠ ಮೌಲ್ಯಕ್ಕಿಂತ 100 ಕಡಿಮೆಯಾದ ಮಿತಿಯನ್ನು ಮೀರಿದೆಯೇ ಎಂದು ನೋಡಬೇಕು. 2015ರ ಜಿಸಿಸಿ 5ರಿಂದ ಓವರ್‌ಫ್ಲೋವನ್ನು ತಿಳಿಸುವ ಸಿದ್ಧ ಫಂಕ್ಷನ್‌ಗಳು ದೊರೆತವು. ಸಿ23 ಮಾನಕ ಅಂಥವನ್ನು ಭಾಷೆಯ ಗ್ರಂಥಾಲಯಕ್ಕೇ ಸೇರಿಸಿದೆ.

ಲಿನಕ್ಸ್ ಕರ್ನಲ್ ಬೇರೊಂದು ದಾರಿ ಹಿಡಿಯಿತು. ಚಿಹ್ನಾಸಹಿತ ಸಂಖ್ಯೆಗಳೂ ಸುತ್ತಿಬರುತ್ತವೆ ಎಂದು ಭಾವಿಸುವಂತೆ ಜಿಸಿಸಿಗೆ ಹೇಳುವ 'ಎಫ್ ರ‍್ಯಾಪ್ ವಿ' ಎಂಬ ಆಯ್ಕೆಯನ್ನು 2009ರಲ್ಲಿ ಕರ್ನಲ್‌ನ ನಿರ್ಮಾಣ ಕಡತಕ್ಕೆ ಸೇರಿಸಲಾಯಿತು. ಕೆಲವೇ ತಿಂಗಳಲ್ಲಿ ಅದನ್ನು ತೆಗೆದು 'ಎಫ್ ನೋ ಸ್ಟ್ರಿಕ್ಟ್ ಓವರ್‌ಫ್ಲೋ' ಎಂಬ ಇನ್ನೊಂದು ಆಯ್ಕೆಯನ್ನು ಹಾಕಬೇಕಾಯಿತು. ಏಕೆಂದರೆ ಜಿಸಿಸಿ 4.1ರ ಕೆಲವು ಆವೃತ್ತಿಗಳಲ್ಲಿ ಮೊದಲ ಆಯ್ಕೆಯೇ ದೋಷಯುಕ್ತವಾಗಿದ್ದು, ಹಾಗೆ ಕಟ್ಟಿದ ಕರ್ನಲ್ ಸರಿಯಾಗಿ ಆರಂಭವಾಗುತ್ತಿರಲಿಲ್ಲ. ಆಪ್ಟಿಮೈಸೇಶನ್ನಿನಿಂದ ರಕ್ಷಿಸಲು ತಂದ ಉಪಾಯವೇ ಕಂಪೈಲರ್ ದೋಷಕ್ಕೆ ತುತ್ತಾದ ಅಪರೂಪದ ಪ್ರಸಂಗ ಇದು.

ಮೈಎಸ್‌ಕ್ಯೂಎಲ್ ಪ್ರಕರಣ

ಪರಿವರ್ತನೆ ಮತ್ತು ಆಪ್ಟಿಮೈಸೇಶನ್ ಕೂಡಿದಾಗ ಆಗುವ ಹಾನಿಗೆ 2012ರ ಜೂನ್‌ನಲ್ಲಿ ಬಹಿರಂಗವಾದ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ದತ್ತಸಂಚಯಗಳ ಭದ್ರತಾ ಲೋಪ ಒಳ್ಳೆಯ ನಿದರ್ಶನ. ಇಲ್ಲಿ ವೇಗಗೊಳಿಸಿದ್ದು ಕಂಪೈಲರ್ ಅಲ್ಲ, ಗ್ರಂಥಾಲಯದ ಫಂಕ್ಷನ್. ಬಳಕೆದಾರರ ಗುಪ್ತಪದದಿಂದ ಪಡೆದ ಸಂಕೇತವನ್ನು ಸರ್ವರಿನಲ್ಲಿ ಲೆಕ್ಕಹಾಕಿದ ಸಂಕೇತದೊಡನೆ ಮೆಮ್‌ಸಿಎಂಪಿ ಎಂಬ ಫಂಕ್ಷನ್ ಹೋಲಿಸುತ್ತಿತ್ತು. ಎರಡೂ ಒಂದೇ ಆಗಿದ್ದರೆ ಅದು 0 ಕೊಡುತ್ತದೆ. ಬೇರೆಯಾಗಿದ್ದರೆ ಯಾವುದೋ ಋಣ ಅಥವಾ ಧನ ಸಂಖ್ಯೆ. ಆ ಸಂಖ್ಯೆ ಎಷ್ಟು ದೊಡ್ಡದಿರಬೇಕೆಂದು ಮಾನಕ ಹೇಳುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಈ ಇಂಟ್ ಮೌಲ್ಯವನ್ನು ಚಾರ್ ಆಧಾರಿತವಾದ ಸತ್ಯಾಸತ್ಯ ಪ್ರಕಾರಕ್ಕೆ ಇಳಿಸಲಾಗುತ್ತಿತ್ತು.

ಮೆಮ್‌ಸಿಎಂಪಿಯ ಸಾಧಾರಣ ರೂಪಗಳು ಚಾರ್‌ನ ವ್ಯಾಪ್ತಿಯೊಳಗಿನ ಸಂಖ್ಯೆ ಕೊಡುತ್ತಿದ್ದುದರಿಂದ ದೋಷ ಮರೆಯಾಗಿತ್ತು. ಸಂಸ್ಕಾರಕದ ಎಸ್‌ಎಸ್‌ಇ ಆದೇಶಗಳನ್ನು ಬಳಸಿ ವೇಗಗೊಳಿಸಿದ ಲಿನಕ್ಸ್ ರೂಪ ಆ ವ್ಯಾಪ್ತಿಯ ಹೊರಗಿನ ಸಂಖ್ಯೆಗಳನ್ನೂ ಕೊಡುತ್ತಿತ್ತು. ಸಂಖ್ಯೆಯ ಕೆಳಗಿನ 8 ಬಿಟ್‌ಗಳು ಸೊನ್ನೆಯಾಗಿದ್ದರೆ, ಉದಾಹರಣೆಗೆ 256 ಆಗಿದ್ದರೆ, ಇಳಿಸಿದ ಮೇಲೆ ಉಳಿಯುವುದು 0. ಅಂದರೆ ಗುಪ್ತಪದ ಸರಿ. ಸುಮಾರು 256ರಲ್ಲಿ ಒಂದು ಬಾರಿ ಹೀಗಾಗುವ ಸಂಭವವಿತ್ತು. ಬಳಕೆದಾರರ ಹೆಸರು ಗೊತ್ತಿದ್ದವರು ತಪ್ಪು ಗುಪ್ತಪದವನ್ನೇ ಕೆಲವು ನೂರು ಸಲ ಕೊಟ್ಟು ಕ್ಷಣಾರ್ಧದಲ್ಲಿ ಒಳಹೋಗಬಹುದಾಗಿತ್ತು. ಯಾವ ಗಣಕದಲ್ಲಿ, ಯಾವ ಗ್ರಂಥಾಲಯದೊಡನೆ ಕಟ್ಟಲಾಗಿತ್ತು ಎಂಬುದರ ಮೇಲೆ ಲೋಪ ಇತ್ತೋ ಇಲ್ಲವೋ ಎಂಬುದು ನಿಂತಿತ್ತು. ಗ್ರಂಥಾಲಯ ತನ್ನ ಕರಾರನ್ನು ಮುರಿದಿರಲಿಲ್ಲ. ಒಂದು ಸಾಲಿನ ಅದೃಶ್ಯ ಪರಿವರ್ತನೆ ಮುರಿದಿತ್ತು.

ಪೂರ್ಣಾಂಕ ಪರಿವರ್ತನೆಯ ಮಾತು ಬಂದಾಗಲೆಲ್ಲ ಉಲ್ಲೇಖವಾಗುವ ಏರಿಯಾನ್ 5 ರಾಕೆಟ್‌ನ 1996ರ ಜೂನ್ 4ರ ಅಪಘಾತ ಈ ವರ್ಗಕ್ಕೆ ಸೇರುವುದಿಲ್ಲ. ಅಲ್ಲಿ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್ ಪೂರ್ಣಾಂಕದಲ್ಲಿ ಹಿಡಿಸದೆ ಹೋಯಿತು. ಪ್ರೋಗ್ರಾಂ ಅಡಾ ಭಾಷೆಯದು, ಕಂಪೈಲರಿನ ತಪ್ಪೇನೂ ಇರಲಿಲ್ಲ.

ಪತ್ತೆಯ ವಿಧಾನಗಳು

ಯೂಟಾ ವಿಶ್ವವಿದ್ಯಾಲಯದ ಸಂಶೋಧಕರಾದ ಷುಎಜುನ್ ಯಾಂಗ್, ಯಾಂಗ್ ಚೆನ್, ಎರಿಕ್ ಈಡ್ ಮತ್ತು ಜಾನ್ ರೆಗೆರ್ ರೂಪಿಸಿದ ಸಿಸ್ಮಿತ್ ಎಂಬ ಉಪಕರಣ ಯಾದೃಚ್ಛಿಕವಾಗಿ ಸಿ ಪ್ರೋಗ್ರಾಂಗಳನ್ನು ಹುಟ್ಟಿಸುತ್ತದೆ. ಅವನ್ನು ಹಲವು ಕಂಪೈಲರುಗಳಿಗೆ, ಹಲವು ಆಪ್ಟಿಮೈಸೇಶನ್ ಮಟ್ಟಗಳಲ್ಲಿ ಕೊಟ್ಟು ಉತ್ತರಗಳನ್ನು ಹೋಲಿಸಲಾಗುತ್ತದೆ. ಒಂದರ ಉತ್ತರ ಬೇರೆಯಾದರೆ ಅದರಲ್ಲಿ ದೋಷವಿರುವ ಶಂಕೆ. ಹುಟ್ಟಿಸಿದ ಪ್ರೋಗ್ರಾಂನಲ್ಲೇ ಅನಿರೂಪಿತ ವರ್ತನೆ ಇದ್ದರೆ ಹೋಲಿಕೆಗೆ ಅರ್ಥವಿಲ್ಲ. ಆದುದರಿಂದ ಸಿಸ್ಮಿತ್ ಪ್ರತಿಯೊಂದು ಲೆಕ್ಕಕ್ಕೂ ಓವರ್‌ಫ್ಲೋ ತಡೆಯುವ ಹೊದಿಕೆ ಹಾಕುತ್ತದೆ. ಮೂರು ವರ್ಷಗಳಲ್ಲಿ ಅದರಿಂದ 325ಕ್ಕೂ ಹೆಚ್ಚು ಹೊಸ ದೋಷಗಳು ವರದಿಯಾದವು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ಸರಿಯಾದ ಪ್ರೋಗ್ರಾಂಗೆ ತಪ್ಪು ಸಂಕೇತವನ್ನು ಎಂದಾದರೂ ಉತ್ಪಾದಿಸಿತ್ತು.

ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಸೇವಿಯರ್ ಲೆರಾಯ್ ನೇತೃತ್ವದಲ್ಲಿ ರೂಪುಗೊಂಡ, ಗಣಿತೀಯ ಸಾಧನೆಯಿಂದ ದೃಢಪಡಿಸಿದ ಕಾಂಪ್‌ಸರ್ಟ್ ಕಂಪೈಲರ್ ಇಲ್ಲಿ ಎದ್ದು ಕಾಣುತ್ತದೆ. ಅದರ ಸಾಧಿತ ಭಾಗದಲ್ಲಿ ತಪ್ಪು ಸಂಕೇತದ ಒಂದು ದೋಷವೂ ಸಿಗಲಿಲ್ಲ. ಸಾಧನೆಯ ವ್ಯಾಪ್ತಿಗೆ ಬಾರದ ಅಂಚುಗಳಲ್ಲಿ ಮಾತ್ರ ಕೆಲವು ಸಿಕ್ಕವು. ಅವುಗಳಲ್ಲಿ ಒಂದು ಅಗಲದ್ದೇ ಸಮಸ್ಯೆ: ಪವರ್‌ಪಿಸಿ ಆದೇಶದ 16 ಬಿಟ್ ಜಾಗದಲ್ಲಿ ಹಿಡಿಸದ ಸಂಖ್ಯೆಯನ್ನು ಕಂಪೈಲರ್ ಬರೆದಿತ್ತು.

ಮುಂದಿನ ವರ್ಷಗಳಲ್ಲಿ ಬೇರೆ ವಿಧಾನಗಳೂ ಬಂದವು. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು, ಒಂದು ಪ್ರೋಗ್ರಾಂನಲ್ಲಿ ಓಡದೆ ಉಳಿಯುವ ಸಾಲುಗಳನ್ನು ಅಳಿಸಿದರೂ ಉತ್ತರ ಬದಲಾಗಬಾರದು ಎಂಬ ತತ್ತ್ವದಿಂದ ಜಿಸಿಸಿ ಮತ್ತು ಎಲ್‌ಎಲ್‌ವಿಎಂಗಳಲ್ಲಿ 147 ದೋಷಗಳನ್ನು ಕಂಡುಹಿಡಿದರು. 2015ರಲ್ಲಿ ಪ್ರಕಟವಾದ ಅಲೈವ್ ಎಂಬ ಉಪಕರಣ ಕಂಪೈಲರಿನ ಪ್ರತಿಯೊಂದು ಬದಲಾವಣೆಯ ನಿಯಮವನ್ನೂ ತರ್ಕಶಾಸ್ತ್ರದ ಸಹಾಯದಿಂದ ಪರಿಶೀಲಿಸುತ್ತದೆ. ಎಲ್‌ಎಲ್‌ವಿಎಂನ 300ಕ್ಕೂ ಹೆಚ್ಚು ನಿಯಮಗಳನ್ನು ಅದಕ್ಕೆ ಒಡ್ಡಿದಾಗ 8 ತಪ್ಪೆಂದು ತಿಳಿದುಬಂತು. ಇದರ ಕರ್ತೃಗಳಲ್ಲಿ ಒಬ್ಬರಾದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂತೋಷ್ ನಾಗರಕಟ್ಟೆ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ಪ್ರೋಗ್ರಾಂಗಳ ಕಡೆಯಿಂದ ಹುಡುಕುವ ಕೆಲಸವನ್ನು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸ್ಟ್ಯಾಕ್ ಎಂಬ ಉಪಕರಣ ಕೈಗೆತ್ತಿಕೊಂಡಿತು. ಅನಿರೂಪಿತ ವರ್ತನೆಯ ನೆಪದಲ್ಲಿ ಕಂಪೈಲರ್ ಅಳಿಸಬಹುದಾದ ಸಾಲುಗಳನ್ನು ಗುರುತಿಸಿದ ಅದು 2013ರ ಹೊತ್ತಿಗೆ ಬಳಕೆಯಲ್ಲಿರುವ ಪ್ರೋಗ್ರಾಂಗಳಲ್ಲಿ 160 ಹೊಸ ದೋಷಗಳನ್ನು ಬಯಲು ಮಾಡಿತ್ತು.

ದೋಷ ಯಾರದೆಂದು ತಿಳಿಯುವ ಬಗೆ

ಆಪ್ಟಿಮೈಸೇಶನ್ ಮಟ್ಟ ಬದಲಿಸಿದಾಗ ಉತ್ತರ ಬದಲಾಯಿತೆಂಬ ಮಾತ್ರಕ್ಕೆ ಕಂಪೈಲರನ್ನು ದೂರಲಾಗದು. ಮೊದಲು ಪ್ರೋಗ್ರಾಂನಲ್ಲಿ ಅನಿರೂಪಿತ ವರ್ತನೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. 2013ರ ಕ್ಲ್ಯಾಂಗ್ 3.3 ಮತ್ತು 2014ರ ಜಿಸಿಸಿ 4.9ರಿಂದ ಇದಕ್ಕೆ ಅನುಕೂಲವಾದ ಯುಬಿಸ್ಯಾನ್ ಎಂಬ ಸೌಲಭ್ಯವಿದೆ. ಪ್ರೋಗ್ರಾಂ ಓಡುವಾಗ ಚಿಹ್ನಾಸಹಿತ ಓವರ್‌ಫ್ಲೋ ಆದರೆ ಸಾಲಿನ ಸಂಖ್ಯೆಯೊಡನೆ ಸೂಚನೆ ಕೊಡುತ್ತದೆ. ಮೇಲಿನ ಅನ್‌ಸೈನ್ಡ್ ಶಾರ್ಟ್ ಗುಣಾಕಾರವನ್ನು ಅದು ಹಿಡಿಯುತ್ತದೆ. ಮೈಎಸ್‌ಕ್ಯೂಎಲ್‌ನಂತಹ ಮೊಟಕನ್ನು ಹಿಡಿಯುವುದಿಲ್ಲ, ಏಕೆಂದರೆ ಮೊಟಕು ಅನಿರೂಪಿತವಲ್ಲ. ಅದಕ್ಕಾಗಿ ಕ್ಲ್ಯಾಂಗ್ 7ರಲ್ಲಿ, 2018ರಲ್ಲಿ, ಅಪ್ರಕಟಿತ ಪರಿವರ್ತನೆಗಳ ಮೇಲೆ ಕಣ್ಣಿಡುವ ಪ್ರತ್ಯೇಕ ಆಯ್ಕೆ ಬಂತು.

ಕಂಪೈಲರಿನ ಎಚ್ಚರಿಕೆಗಳ ವಿಷಯದಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಅಂಶವಿದೆ. ಜಿಸಿಸಿಯಲ್ಲಿ 'ಡಬ್ಲ್ಯು ಆಲ್' ಎಂಬ ಆಯ್ಕೆ ಹೆಸರಿಗೆ ಎಲ್ಲವನ್ನೂ ಒಳಗೊಂಡಂತೆ ತೋರಿದರೂ, ಸಿ ಭಾಷೆಯ ಮಟ್ಟಿಗೆ ಚಿಹ್ನಾಸಹಿತ ಮತ್ತು ಚಿಹ್ನಾರಹಿತಗಳ ಹೋಲಿಕೆಯ ಬಗ್ಗೆ ಎಚ್ಚರಿಸುವುದಿಲ್ಲ. ಅದಕ್ಕೆ 'ಡಬ್ಲ್ಯು ಎಕ್ಸ್‌ಟ್ರಾ' ಬೇಕು. ಮೌಲ್ಯ ಕಳೆದುಹೋಗಬಹುದಾದ ಪರಿವರ್ತನೆಗಳ ಎಚ್ಚರಿಕೆ ಇವೆರಡರಲ್ಲೂ ಇಲ್ಲ. 'ಡಬ್ಲ್ಯು ಕನ್ವರ್ಶನ್' ಎಂದು ಬೇರೆಯಾಗಿ ಕೇಳಬೇಕು. ಹಳೆಯ ಪ್ರೋಗ್ರಾಂಗಳಿಗೆ ಅದನ್ನು ಹಚ್ಚಿದರೆ ನೂರಾರು ಸೂಚನೆಗಳು ಸುರಿಯುವುದುಂಟು, ಹೆಚ್ಚಿನವು ನಿರಪಾಯಕಾರಿ. ಬಹಳ ಮಂದಿ ಅದನ್ನು ಬಳಸದಿರಲು ಇದೂ ಕಾರಣ.

ಇಷ್ಟಾದ ಮೇಲೂ ಉತ್ತರ ತಪ್ಪಿದ್ದರೆ ಪ್ರೋಗ್ರಾಂ ಅನ್ನು ದೋಷ ಉಳಿಯುವಷ್ಟೇ ಸಾಲುಗಳಿಗೆ ಇಳಿಸಿ, ಕಂಪೈಲರಿನ ಆವೃತ್ತಿ, ಗುರಿ ಗಣಕ ಮತ್ತು ಬಳಸಿದ ಆಯ್ಕೆಗಳೊಡನೆ ಅದರ ಅಭಿವೃದ್ಧಿಗಾರರಿಗೆ ಕಳುಹಿಸಲಾಗುತ್ತದೆ. ಸಾಲುಗಳನ್ನು ತಾನೇ ಕಡಿಮೆ ಮಾಡಿಕೊಡುವ ಸಿ-ರೆಡ್ಯೂಸ್ ಎಂಬ ಉಪಕರಣವೂ ಯೂಟಾ ವಿಶ್ವವಿದ್ಯಾಲಯದಿಂದಲೇ ಬಂದಿದೆ. ಅದನ್ನು ಬಳಸುವಾಗ ಪ್ರತಿ ಹಂತದಲ್ಲೂ ಅನಿರೂಪಿತ ವರ್ತನೆಯ ಪರೀಕ್ಷೆ ನಡೆಯಬೇಕಾಗುತ್ತದೆ. ಇಲ್ಲವಾದರೆ ನಿಜವಾದ ಕಂಪೈಲರ್ ದೋಷದಿಂದ ಆರಂಭವಾದ ಉದಾಹರಣೆ, ಕಿರಿದಾಗುತ್ತ ಹೋಗಿ, ಕೊನೆಗೆ ಪ್ರೋಗ್ರಾಂನದೇ ಓವರ್‌ಫ್ಲೋ ತೋರಿಸುವ ನಾಲ್ಕು ಸಾಲುಗಳಾಗಿ ಉಳಿಯುವುದುಂಟು.